ಹಲ್ಲಿನ ಬೆನ್ನಿಗೆ ಕ್ಲಿಪ್

ಕ್ಲಿಪ್ ಹಾಕಿಸಿಕೊಂಡ ಹುಡುಗ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ನಾವೆಲ್ಲ ನೋಡಿದ್ದೇವೆ. ಮುಖವೇ ಬಂಡವಾಳವಾದ ಊರಿನಲ್ಲಿ ಅಷ್ಟಕ್ಕೆ ಕೆಲಸ ನಡೆಯುವುದಿಲ್ಲ. 1970ರ ದಶಕದ ನಡುವಿನಲ್ಲಿ, ಲಾಸ್ ಏಂಜಲೀಸ್‌ಗೆ ಅಂಟಿಕೊಂಡ ಬೆವರ್ಲಿ ಹಿಲ್ಸ್‌ನ ಆರ್ಥೊಡಾಂಟಿಸ್ಟ್ (ಹಲ್ಲು ನೇರ ಮಾಡುವ ವೈದ್ಯ) ಕ್ರೇವನ್ ಕರ್ಜ್ ಅವರ ಬಳಿಗೆ ಪ್ಲೇಬಾಯ್ ಕ್ಲಬ್‌ನಲ್ಲಿ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬರು ಬಂದರು. ಹಲ್ಲು ನೇರವಾಗಬೇಕು, ಕ್ಲಿಪ್ ಮಾತ್ರ ಯಾರಿಗೂ ಕಾಣಬಾರದು. ಕರ್ಜ್ ತಂತಿ ಹಿಡಿದಿಡುವ ಪುಟ್ಟ ಬ್ರ್ಯಾಕೆಟ್‌ಗಳನ್ನು ಹಲ್ಲಿನ ಹಿಂಬದಿಗೆ ಅಂಟಿಸಿದರು. 1976ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಪಾನಿನ ಕಿನ್ಯಾ ಫುಜಿತಾ ಕೂಡ ಇದೇ ದಾರಿ ಹಿಡಿದಿದ್ದರು. ಅವರನ್ನು ಕಾಡಿದ್ದು ಅಂದವಲ್ಲ: ಸಮರಕಲೆ ಕಲಿಯುವವರ ಮುಖಕ್ಕೆ ಏಟು ಬಿದ್ದಾಗ ತುಟಿ, ಕೆನ್ನೆಗಳು ಕ್ಲಿಪ್‌ಗೆ ಸಿಕ್ಕಿ ಹರಿಯುತ್ತಿದ್ದವು.

ಹಲ್ಲು ಸರಿಯುವುದರ ಹಿಂದಿರುವ ಜೀವವಿಜ್ಞಾನಕ್ಕೆ ಹಿಂದು ಮುಂದು ಎಂಬ ಭೇದವಿಲ್ಲ. ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ತೆಳುವಾದ ನಾರಿನ ಪದರವಿದೆ. ತಂತಿ ಸಣ್ಣಗೆ ಒತ್ತುತ್ತಲೇ ಇದ್ದರೆ, ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಎಳೆತ ಬಿದ್ದ ಕಡೆ ಹೊಸ ಮೂಳೆ ಕೂರುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ತೊಡಕೆಲ್ಲ ಇರುವುದು ಯಂತ್ರವಿದ್ಯೆಯಲ್ಲಿ.

ಮೊದಲ ತೊಡಕು ಊಟದಲ್ಲೇ ಎದುರಾಯಿತು. ಬಾಯಿ ಮುಚ್ಚಿದಾಗ ಕೆಳಗಿನ ಬಾಚಿಹಲ್ಲುಗಳು ಮೇಲಿನವುಗಳ ಹಿಂದೆ ಬಂದು ಕೂರುತ್ತವೆ, ಅಂದರೆ ನೇರವಾಗಿ ಬ್ರ್ಯಾಕೆಟ್‌ಗೇ ಬಡಿಯುತ್ತವೆ. ಬ್ರ್ಯಾಕೆಟ್‌ಗಳು ಒಂದೊಂದಾಗಿ ಕಿತ್ತು ಬಂದವು. ಕರ್ಜ್ ಅವುಗಳಿಗೆ ಓರೆಯಾದ ಪುಟ್ಟ ಮೇಲ್ಮೈಯೊಂದನ್ನು ಸೇರಿಸಿದರು. ಕೆಳಹಲ್ಲು ಅದರ ಮೇಲೆ ಊರಿದಾಗ, ಕೀಳುತ್ತಿದ್ದ ಬಲವೇ ಹಲ್ಲನ್ನು ಬೇರಿನತ್ತ ಒತ್ತುವ ಬಲವಾಯಿತು. ಮೇಲಿನ ಹಲ್ಲು ಕೆಳಗಿನದನ್ನು ಪೂರ್ತಿ ಮುಚ್ಚುವಂಥ ಬಾಯಿಗಳಿಗೆ ಇದು ವರವೇ ಆಯಿತು. ಆದರೆ ಮುಂದೆ ಹಲ್ಲು ಊರಿದಾಗ ಹಿಂದೆ ದವಡೆಹಲ್ಲುಗಳು ಕೂಡುವುದಿಲ್ಲ. ಮೊದಮೊದಲು ಚಪಾತಿ ಅಗಿಯುವುದೂ ಸಾಹಸವೇ.

ಎರಡನೆಯ ತೊಡಕು ಅರ್ಥವಾಗಲು ದಕ್ಷಿಣಕ್ಕೆ, ಸ್ಯಾನ್ ಡಿಯೇಗೊಗೆ ಇಳಿಯಬೇಕು. ಅಲ್ಲಿನ ಆರ್ಥೊಡಾಂಟಿಸ್ಟ್ ಲಾರೆನ್ಸ್ ಆಂಡ್ರೂಸ್, ಎಂದೂ ಕ್ಲಿಪ್ ಕಾಣದೆಯೇ ಹಲ್ಲುಗಳು ಚೆನ್ನಾಗಿ ಹೊಂದಿಕೊಂಡಿದ್ದ 120 ಬಾಯಿಗಳ ಅಚ್ಚುಗಳನ್ನು ಅಳೆದು, ಒಳ್ಳೆಯ ಹಲ್ಲುಸಾಲಿನ ಆರು ಲಕ್ಷಣಗಳನ್ನು 1972ರಲ್ಲಿ ಪ್ರಕಟಿಸಿದರು. ಹಲ್ಲಿನ ಓರೆ, ವಾಲು ಎಲ್ಲವನ್ನೂ ಬ್ರ್ಯಾಕೆಟ್‌ನ ಒಳಗೇ ಅಡಗಿಸಿದರೆ ತಂತಿ ನೇರವಾಗಿದ್ದರೆ ಸಾಕು ಎಂಬುದು ಅವರ ಯೋಚನೆ. ಇಂದು ಹುಬ್ಬಳ್ಳಿ, ಮಂಗಳೂರುಗಳಲ್ಲಿ ಹಾಕುವ ಸಾಮಾನ್ಯ ಕ್ಲಿಪ್ಪೂ ಅದರ ವಂಶದ್ದೇ. ಈ ಉಪಾಯ ಫಲಿಸಿದ್ದು ಹಲ್ಲಿನ ಮುಂಭಾಗ ಒಬ್ಬರಿಂದೊಬ್ಬರಿಗೆ ಅಷ್ಟಾಗಿ ಬದಲಾಗದ ಕಾರಣ. ಬೆನ್ನಿನ ಕಡೆ ಹಾಗಲ್ಲ, ಅಲ್ಲಿನ ಏರುತಗ್ಗು ಒಬ್ಬೊಬ್ಬರಿಗೆ ಒಂದೊಂದು ಥರ. ಸಿದ್ಧ ಅಳತೆಯ ಬ್ರ್ಯಾಕೆಟ್ ಅಲ್ಲಿ ಸರಿಯಾಗಿ ಕೂರುವುದೇ ಇಲ್ಲ.

ಇದರ ಜೊತೆಗೆ ಇನ್ನೊಂದು ಲೆಕ್ಕವಿದೆ. ಹಲ್ಲುಸಾಲಿನ ಒಳಗಿನ ಕಮಾನು ಹೊರಗಿನದಕ್ಕಿಂತ ಚಿಕ್ಕದು, ಹಾಗಾಗಿ ಬ್ರ್ಯಾಕೆಟ್‌ಗಳ ನಡುವಿನ ತಂತಿಯೂ ಗಿಡ್ಡ. ಉದ್ದ ಬೆತ್ತ ಬಾಗಿದಷ್ಟು ಸುಲಭವಾಗಿ ಮೋಟು ಬೆತ್ತ ಬಾಗದು. ಒಳಗಿನ ತಂತಿಯೂ ಹಾಗೇ ಬಿರುಸು. ವೈದ್ಯರು ಕನ್ನಡಿ ಹಿಡಿದು, ಕತ್ತು ಬಗ್ಗಿಸಿ, ನಾಲಿಗೆಯನ್ನು ಪಕ್ಕಕ್ಕೆ ಸರಿಸಿಕೊಂಡು ಕೆಲಸ ಮಾಡಬೇಕು. ಹೊತ್ತು ಹೆಚ್ಚು, ಹಣವೂ ಹೆಚ್ಚು. 1980ರ ದಶಕದ ಕೊನೆಗೆ ಅಮೆರಿಕದಲ್ಲಿ ಉತ್ಸಾಹ ಇಳಿದದ್ದರಲ್ಲಿ ಆಶ್ಚರ್ಯವಿಲ್ಲ. ಅಷ್ಟರಲ್ಲಿ, 1987ರ ಸುಮಾರಿಗೆ, ಲಾಸ್ ಏಂಜಲೀಸ್ ಬಳಿಯ ಮನ್ರೋವಿಯಾದ ಯುನಿಟೆಕ್ ಕಂಪನಿ ಮುಂಭಾಗಕ್ಕೇ ಹಾಕಿದರೂ ಎದ್ದು ಕಾಣದ ಅರೆಪಾರದರ್ಶಕ ಸೆರಾಮಿಕ್ ಬ್ರ್ಯಾಕೆಟ್ ತಂದಿತ್ತು. ಕ್ಷಿಪಣಿಗಳ ಅತಿಗೆಂಪು ಉಪಕರಣಗಳಿಗಾಗಿ ಬೆಳೆದ ವಸ್ತು ಹದಿಹರೆಯದವರ ಹಲ್ಲು ಸೇರಿತು! ಹಿಂಬದಿಯ ಕ್ಲಿಪ್‌ಗೆ ಮರುಜೀವ ಕೊಟ್ಟವರು ಜರ್ಮನಿಯ ಡಿರ್ಕ್ ವೀಖ್‌ಮನ್. ಒಬ್ಬೊಬ್ಬರ ಹಲ್ಲಿನ ಅಳತೆಯನ್ನೂ ಕಂಪ್ಯೂಟರಿಗೆ ಇಳಿಸಿ, ಪ್ರತಿ ಹಲ್ಲಿಗೂ ಚಿನ್ನದ ಮಿಶ್ರಲೋಹದ ತೆಳು ಬ್ರ್ಯಾಕೆಟ್ ಎರಕ ಹೊಯ್ಯಿಸಿದರು.

ತೆಳುವಾದರೂ ಅದು ನಾಲಿಗೆಯ ಜಾಗವೇ. ಮೊದಲ ವಾರಗಳಲ್ಲಿ ನಾಲಿಗೆಯ ಅಂಚು ಹುಣ್ಣಾಗುವುದು ಸಾಮಾನ್ಯ, ಸಕಾರ ತೊದಲುವುದೂ ಸಾಮಾನ್ಯ. ಇಲ್ಲಿ ಕನ್ನಡಿಗರಿಗೆ ಒಂದು ಸ್ವಾರಸ್ಯವಿದೆ. ಇಂಗ್ಲಿಷಿನ ಟಕಾರ, ಡಕಾರಗಳಿಗೆ ನಾಲಿಗೆ ವಸಡಿನ ದಿಣ್ಣೆಯನ್ನು ಮುಟ್ಟುತ್ತದೆ. ನಮ್ಮ ತ, ದಗಳಿಗೆ ಮೇಲಿನ ಹಲ್ಲಿನ ಬೆನ್ನನ್ನೇ ಮುಟ್ಟಬೇಕು. ಲೆಕ್ಕ ಹಾಕಿದರೆ, ಸ್ಯಾನ್ ಡಿಯೇಗೊದ ಕನ್ನಡದ ಮನೆಯ ಹುಡುಗಿ ಶಾಲೆಯಲ್ಲಿ ಹೇಗೋ ಸುಧಾರಿಸಿಕೊಂಡರೂ ಮನೆಯಲ್ಲಿ ‘ತಾತ’ ಎನ್ನುವಾಗ ಲೋಹಕ್ಕೆ ತಾಗುತ್ತಾಳೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ನಾಲಿಗೆ ಹೊಸ ದಾರಿ ಕಲಿಯುತ್ತದೆ, ಕೆಲವರಿಗೆ ತಿಂಗಳುಗಳೇ ಬೇಕು. ವಕೀಲರು, ಗಾಯಕರು, ಪಾಠ ಹೇಳುವವರು ಇದನ್ನು ಮೊದಲೇ ಯೋಚಿಸುವುದು ಒಳ್ಳೆಯದು. ಕೊಳಲು, ಕ್ಲಾರಿನೆಟ್ ನುಡಿಸುವವರ ಮಾತು ಬೇರೆ: ತುಟಿಗೆ ಲೋಹ ಚುಚ್ಚುವುದಿಲ್ಲ.

ಕಾಣದಿರುವುದಕ್ಕಿಂತ ದೊಡ್ಡ ಲಾಭ ನನ್ನ ದೃಷ್ಟಿಯಲ್ಲಿ ಇನ್ನೊಂದು. ಮುಂಭಾಗದ ಕ್ಲಿಪ್ ತೆಗೆದಾಗ ಅದರ ಸುತ್ತ ಎನಾಮಲ್‌ನ ಖನಿಜ ಕರಗಿ ಬಿಳಿ ಕಲೆ ಉಳಿಯುವುದುಂಟು. ಹಿಂಬದಿಯಲ್ಲಿ ಇಂಥ ಕಲೆ ಕಡಿಮೆ. ನಾಲಿಗೆ ಸದಾ ಉಜ್ಜುತ್ತದೆ, ಲಾಲಾರಸ ಸದಾ ತೊಳೆಯುತ್ತದೆ. ಆದರೆ ಅಲ್ಲಿ ಸಿಕ್ಕಿಕೊಂಡ ಅನ್ನದಗುಳು ಕಣ್ಣಿಗೆ ಬೀಳುವುದಿಲ್ಲ; ಉದಾಸೀನ ಮಾಡಿದರೆ ವಸಡು ಊದಿಕೊಳ್ಳುತ್ತದೆ.

ಹನ್ನೆರಡರ ಹುಡುಗನಿಗೆ ಇಷ್ಟೆಲ್ಲ ಬೇಕೆ? ತರಗತಿಯಲ್ಲಿ ಅರ್ಧ ಮಂದಿಯ ಬಾಯಲ್ಲಿ ತಂತಿ ಹೊಳೆಯುತ್ತಿರುವಾಗ ಬೇಡವೆನಿಸುತ್ತದೆ. ನಲವತ್ತರಲ್ಲಿ ಕ್ಯಾಮೆರಾ ಎದುರು ಕೂರುವವರು ಹಾಕಿಸಿಕೊಂಡರೆ ದುಂದು ಎನ್ನಲಾರೆ, ಆದರೆ ಇದರಲ್ಲೇ ಪಳಗಿದ ಕೈಯನ್ನು ಹುಡುಕಬೇಕು. ಅಂದಹಾಗೆ, ಮುಂಭಾಗಕ್ಕೇ ಕ್ಲಿಪ್ ಹಾಕಿಸಿಕೊಂಡವರಲ್ಲೂ ಬಹಳ ಮಂದಿಗೆ, ಚಿಕಿತ್ಸೆ ಮುಗಿದ ಮೇಲೆ ಹಲ್ಲು ಹಳೆಯ ಜಾಗಕ್ಕೆ ಮರಳದಂತೆ ಕೆಳಗಿನ ಬಾಚಿಹಲ್ಲುಗಳ ಹಿಂದೆ ಸಣ್ಣ ತಂತಿಯೊಂದನ್ನು ಅಂಟಿಸುತ್ತಾರೆ. ಅದು ವರ್ಷಗಟ್ಟಲೆ ಅಲ್ಲೇ ಇರುತ್ತದೆ.