ಕಡತ ಇದೆ, ಕನ್ನಡ ಎಲ್ಲಿ?

ಪ್ರಶ್ನೆ: ಲ್ಯಾಪ್‌ಟಾಪಿಗೆ ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ್ದ ಹಳೆಯ ಕಡತಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿವೆ. ವೈರಸ್ಸೇ?
– ಓದುಗರು, ಉಡಿಗಾಲ

ಉತ್ತರ: ವೈರಸ್ ಅಲ್ಲ, ಕಡತ ಕೆಟ್ಟೂ ಇಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಆವೃತ್ತಿಗಳು ಇಂಗ್ಲಿಷ್ ಸಂಕೇತಗಳಿಗೇ ಕನ್ನಡದ ಆಕಾರ ತೊಡಿಸುತ್ತಿದ್ದವು. ಆಕಾರ ಇರುವುದು ಫಾಂಟಿನಲ್ಲಿ. ವಿಂಡೋಸ್ ಹೊಸದಾಗಿ ಹಾಕಲು ಸಿ ಡ್ರೈವ್ ಅಳಿಸಿದಾಗ ಅದರಲ್ಲಿದ್ದ ಫಾಂಟ್ ಹೋಯಿತು, ಡಿ ಡ್ರೈವಿನ ಕಡತ ಉಳಿಯಿತು. ನುಡಿಯನ್ನು ಮತ್ತೆ ಹಾಕಿಕೊಳ್ಳಿ, ಕನ್ನಡ ಮರಳುತ್ತದೆ. ಅಷ್ಟಕ್ಕೇ ಬಿಡಬೇಡಿ, ಇದು ಮರುಕಳಿಸದಂತೆ ಎಲ್ಲವನ್ನೂ ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯುನಿಕೋಡಿಗೆ ಪರಿವರ್ತಿಸಿ. ಒತ್ತಕ್ಷರಗಳು ಅಲ್ಲಲ್ಲಿ ಮುಗ್ಗರಿಸಬಹುದು, ಒಮ್ಮೆ ಓದಿ ನೋಡಿ. ಯುನಿಕೋಡ್ ಕನ್ನಡ ತೋರಿಸುವ ನಿರ್ಮಲಾ ಫಾಂಟ್ 2012ರ ವಿಂಡೋಸ್ 8ರಿಂದ ಜೊತೆಗೇ ಬರುತ್ತಿದೆ. ಅಂದಹಾಗೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಗಡಿಯವರು ಯಾವುದನ್ನು ಹಾಕಿದ್ದಾರೆಂದು ಕೇಳಿಕೊಳ್ಳಿ.