ಸಾಮರಸ್ಯ: ಒಂದು ಪದದ ಅರ್ಥವಿಚಾರ

ವಿವಾಹದ ಆಶೀರ್ವಚನಗಳಲ್ಲಿ, ಸಭೆಗಳ ನಿರ್ಣಯಗಳಲ್ಲಿ, ಪತ್ರಿಕೆಗಳ ಶೀರ್ಷಿಕೆಗಳಲ್ಲಿ ನಿತ್ಯವೂ ಕಾಣುವ ಪದ ‘ಸಾಮರಸ್ಯ’. ಬಳಕೆ ಹೆಚ್ಚಿದಂತೆ ಅರ್ಥ ತೆಳುವಾಗುವುದುಂಟು. ಆದ್ದರಿಂದ ಅದರ ಮೂಲಾರ್ಥವನ್ನು ಸದ್ಭಕ್ತರ ಮುಂದಿಡಲು ಬಯಸುತ್ತೇವೆ.

‘ಸಮರಸ’ ಎಂದರೆ ಒಂದೇ ರಸವಾದುದು. ಅದರ ಭಾವನಾಮ ‘ಸಾಮರಸ್ಯ’. ಭಾವಾರ್ಥದ ಪ್ರತ್ಯಯ ಅದರಲ್ಲೇ ಇರುವುದರಿಂದ ‘ಸಾಮರಸ್ಯತೆ’ ಎಂಬ ರೂಪ ಅನವಶ್ಯಕ. ಇದಕ್ಕೆ ಸಮೀಪವಾದ ‘ಸಮತೋಲನ’ ತೂಕಕ್ಕೆ ಸಂಬಂಧಿಸಿದ ಪದ. ತಕ್ಕಡಿಯ ಎರಡು ತಟ್ಟೆಗಳು ಸಮವಾಗಿ ನಿಂತರೂ ಒಂದನ್ನೊಂದು ಸೇರುವುದಿಲ್ಲ. ಒಂದು ಕಡೆ ಭಾರ ಹೆಚ್ಚಿದೊಡನೆ ಸಮತೋಲನ ಕೆಡುತ್ತದೆ. ಹಾಲಿನಲ್ಲಿ ಕರಗಿದ ಸಕ್ಕರೆಯಾದರೋ ಹಾಲಿನೊಡನೆ ಒಂದೇ ರುಚಿಯಾಗುತ್ತದೆ. ಮೊದಲನೆಯದು ಎದುರುಬದುರಾದ ಬಲಗಳ ನಿಲುಗಡೆ, ಎರಡನೆಯದು ಅವುಗಳ ಕೂಡುವಿಕೆ.

ಷಟ್‌ಸ್ಥಲ ಸಿದ್ಧಾಂತದಲ್ಲಿ ಈ ಪದಕ್ಕೆ ಘನವಾದ ಸ್ಥಾನವಿದೆ. ಮಗ್ಗೆಯ ಮಾಯಿದೇವರ ‘ಅನುಭವಸೂತ್ರ’ದ ಪ್ರಕಾರ ಒಂದೇ ಸ್ಥಲವು ಲಿಂಗ, ಅಂಗ ಎಂದು ಎರಡಾಗುತ್ತದೆ. ಲಿಂಗವನ್ನು ಆಶ್ರಯಿಸಿದ್ದು ಶಕ್ತಿ, ಅದು ಪ್ರವೃತ್ತಿರೂಪ. ಅಂಗವನ್ನು ಆಶ್ರಯಿಸಿದ್ದು ಭಕ್ತಿ, ಅದು ನಿವೃತ್ತಿರೂಪ. ಒಂದು ಲೋಕದತ್ತ ಹರಿಯುವ ಬಲ, ಇನ್ನೊಂದು ಮೂಲಕ್ಕೆ ಮರಳುವ ಬಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಸ್ಥಲಗಳನ್ನು ದಾಟಿ ಐಕ್ಯದಲ್ಲಿ ಒದಗುವುದೇ ಲಿಂಗಾಂಗ ಸಾಮರಸ್ಯ.

ಇದು ಕೇವಲ ಶಾಸ್ತ್ರದ ಮಾತಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಹಿಂದಕ್ಕೆ ಸುರಿದು ಬರುವಂತೆ ಲಕ್ಕಮ್ಮನವರು ತಿಳಿಹೇಳಿದ ಪ್ರಸಂಗ ಎಲ್ಲರಿಗೂ ಪರಿಚಿತ. ಅಲ್ಲಿ ಪತ್ನಿ ಸುಮ್ಮನಿರಲಿಲ್ಲ, ಪತಿ ಮುನಿಯಲಿಲ್ಲ. ತಿದ್ದುವ ಮಾತು, ತಿದ್ದಿಕೊಳ್ಳುವ ಮನಸ್ಸು ಎರಡೂ ಕೂಡಿದ್ದರಿಂದ ಕಾಯಕ ಶುದ್ಧವಾಯಿತು.

ಇಂದು ನಮ್ಮ ಜಯನಗರ, ಬನಶಂಕರಿ, ಜೆ.ಪಿ. ನಗರದ ಮನೆಗಳಲ್ಲಿ ಗಂಡಹೆಂಡಿರಿಬ್ಬರೂ ದುಡಿಯುವುದು ಸಾಮಾನ್ಯ. ಮನೆಗೆಲಸದ ಹೊರೆ ಮಾತ್ರ ಒಬ್ಬರ ಮೇಲೇ ಬಿದ್ದು, ಅವರು ಬಾಯಿತೆರೆದರೆ ‘ಸಾಮರಸ್ಯ ಕೆಡಿಸಬೇಡ’ ಎನ್ನುವ ವಾಡಿಕೆಯೂ ಕೆಲವೆಡೆ ಉಂಟು. ಈ ಪ್ರಯೋಗ ಸಲ್ಲದು. ಒಬ್ಬರು ಮಾತ್ರ ಕರಗಿ ಇನ್ನೊಬ್ಬರು ಕಲ್ಲಾಗಿ ಉಳಿದರೆ ಅದು ಸಹನೆಯಾದೀತು, ಸಾಮರಸ್ಯವಾಗದು. ಮೊದಲು ಹೊರೆಯನ್ನು ಸಮನಾಗಿ ತೂಗೋಣ. ಬಳಿಕ ಮನಸ್ಸುಗಳು ತಾವಾಗಿಯೇ ಸಮರಸಗೊಳ್ಳುತ್ತವೆ.