ಗಡಿ ದಾಟುವ ಮೋಟಾರ್ ಸೈಕಲ್ಲು: ಸುಂಕ, ಖಾತರಿ ಮತ್ತು ನಿರ್ಗಮನ ಮುದ್ರೆ

ಎಂಟು-ಹತ್ತು ಮಂದಿ ಒಂದು ತಂಡವಾಗಿ ಮೋಟಾರ್ ಸೈಕಲ್ಲುಗಳಲ್ಲಿ ಹಲವು ದೇಶಗಳನ್ನು ಸುತ್ತಿ ಬರುವ ಹವ್ಯಾಸವು ಈಗ ವ್ಯಾಪಾರಿ ಹಾಗೂ ಉದ್ಯಮಿ ಕುಟುಂಬಗಳಲ್ಲಿಯೂ ಬೆಳೆಯುತ್ತಿದೆ. ಇಂತಹ ಪ್ರವಾಸದ ಸಿದ್ಧತೆಯಲ್ಲಿ ಮಾರ್ಗ, ಹವಾಮಾನ, ಟಯರು, ಬಿಡಿಭಾಗಗಳ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ. ಆದರೆ ಒಂದು ಮೂಲಭೂತ ಅಂಶವು ಅನೇಕರ ಗಮನಕ್ಕೆ ಬರುವುದಿಲ್ಲ. ಸವಾರನ ದೃಷ್ಟಿಯಲ್ಲಿ ಬೈಕು ಒಂದು ವಾಹನ. ಗಡಿಯಲ್ಲಿ ಕುಳಿತ ಸುಂಕಾಧಿಕಾರಿಯ ದೃಷ್ಟಿಯಲ್ಲಿ ಅದು ಸುಂಕ ತೆರಬೇಕಾದ ಸರಕು. ಅದು ದೇಶದೊಳಗೆ ಬಂದ ಕ್ಷಣದಲ್ಲಿಯೇ ಸುಂಕದ ಹೊಣೆ ಹುಟ್ಟುತ್ತದೆ. ಅದು ಹೊರಗೆ ಹೋಯಿತೆಂದು ದಾಖಲೆಯಾದಾಗ ಮಾತ್ರ ಆ ಹೊಣೆ ತೀರುತ್ತದೆ. ಈ ಹೊಣೆಯ ಸ್ವರೂಪವನ್ನೂ ಅದರ ವೆಚ್ಚವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

2004ರ ಒಂದು ಉದಾಹರಣೆ

ಈ ಬಗೆಯ ಪ್ರವಾಸಗಳಲ್ಲಿ ಜಗತ್ತಿನಾದ್ಯಂತ ಹೆಸರಾದದ್ದು 2004ರ 'ಲಾಂಗ್ ವೇ ರೌಂಡ್'. ನಟರಾದ ಯೂಅನ್ ಮೆಕ್‌ಗ್ರೆಗರ್ ಮತ್ತು ಚಾರ್ಲಿ ಬೂರ್ಮನ್ ಅವರು ಛಾಯಾಗ್ರಾಹಕ ಕ್ಲಾಡಿಯೊ ಫಾನ್ ಪ್ಲಾಂಟಾ ಅವರೊಡನೆ, ಬಿಎಂಡಬ್ಲ್ಯು ಬೈಕುಗಳ ಮೇಲೆ, ಆ ವರ್ಷದ ಏಪ್ರಿಲ್ 14ರಂದು ಲಂಡನ್ನಿನಿಂದ ಹೊರಟು ಜುಲೈ 29ರಂದು ನ್ಯೂಯಾರ್ಕ್ ತಲುಪಿದರು. ದೂರ ಸುಮಾರು 19,000 ಮೈಲು. ಯೂರೋಪನ್ನು ದಾಟಿ ಉಕ್ರೇನ್, ರಷ್ಯಾ, ಕಝಾಕ್‌ಸ್ತಾನ, ಮಂಗೋಲಿಯಾಗಳ ಮೂಲಕ ಸಾಗಿದ ಅವರು ರಷ್ಯಾದ ಮಗದಾನ್‌ನಿಂದ ಅಲಾಸ್ಕಾಕ್ಕೆ ವಿಮಾನದಲ್ಲಿ ಹೋದರು.

ಹಣ, ಸಿಬ್ಬಂದಿ, ಪ್ರಸಿದ್ಧಿ ಎಲ್ಲವೂ ಇದ್ದ ಈ ತಂಡವೂ ಉಕ್ರೇನಿನ ಗಡಿಯಲ್ಲಿ ಕಾಗದಪತ್ರಗಳ ತೊಡಕಿನಿಂದ ಬಹಳ ಹೊತ್ತು ಕಾಯಬೇಕಾಯಿತು. ಮಂಗೋಲಿಯಾದಲ್ಲಿ ಕ್ಲಾಡಿಯೊ ಅವರ ಬೈಕು ಕೆಟ್ಟು ನಿಂತಾಗ, ಅವರು ಅಲ್ಲಿಯೇ ರಷ್ಯನ್ ತಯಾರಿಕೆಯ ಬೈಕೊಂದನ್ನು ಕೊಂಡು ಮುಂದುವರಿದರು. ಕೆಟ್ಟ ಬೈಕನ್ನು ದುರಸ್ತಿಗಾಗಿ ಲಾರಿಯಲ್ಲಿ ಸಾಗಿಸಲಾಯಿತು. ಸವಾರನಿಗೆ ಇದೊಂದು ಸಾಹಸ. ಲೆಕ್ಕಪರಿಶೋಧಕನಿಗೆ ಇಲ್ಲಿ ಕಾಣುವ ಪ್ರಶ್ನೆಯೇ ಬೇರೆ: ಒಳಗೆ ತಂದ ಯಂತ್ರವು ಸವಾರನ ಜೊತೆಯಲ್ಲಿ ಹೊರಗೆ ಹೋಗದಿದ್ದರೆ ಸುಂಕ ಯಾರ ತಲೆಯ ಮೇಲೆ?

ಕಾರ್ನೆಟ್ ಎಂದರೇನು?

ಪ್ರವಾಸಿಯು ತನ್ನ ವಾಹನಕ್ಕೆ ಪ್ರತಿಯೊಂದು ಗಡಿಯಲ್ಲಿಯೂ ಸುಂಕ ಕಟ್ಟಿ, ಹೊರಡುವಾಗ ಹಿಂಪಡೆಯುವುದು ಕಾರ್ಯಸಾಧ್ಯವಲ್ಲ. ಈ ತೊಂದರೆಯನ್ನು ನಿವಾರಿಸಲು 1954ರಲ್ಲಿ ನ್ಯೂಯಾರ್ಕಿನಲ್ಲಿ ಖಾಸಗಿ ವಾಹನಗಳ ತಾತ್ಕಾಲಿಕ ಆಮದಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಒಡಂಬಡಿಕೆಯಾಯಿತು. 1990ರ ಇಸ್ತಾಂಬುಲ್ ಒಡಂಬಡಿಕೆಯು ತಾತ್ಕಾಲಿಕ ಆಮದಿನ ಬೇರೆ ಬೇರೆ ನಿಯಮಗಳನ್ನು ಒಂದೆಡೆಗೆ ತಂದಿತು. ಈ ವ್ಯವಸ್ಥೆಯಲ್ಲಿ ವಾಹನಕ್ಕೆ ನೀಡುವ ದಾಖಲೆ ಪುಸ್ತಕವೇ 'ಕಾರ್ನೆ ದ ಪಸಾಜ್ ಆನ್ ದುವಾನ್'. ಇದು ಫ್ರೆಂಚ್ ಹೆಸರು. ನಮ್ಮಲ್ಲಿ ಕಾರ್ನೆಟ್ ಎಂದೇ ರೂಢಿ. ಇದನ್ನು ಸರ್ಕಾರವು ನೀಡುವುದಿಲ್ಲ. ಮಾನ್ಯತೆ ಪಡೆದ ಮೋಟಾರು ವಾಹನ ಸಂಘಗಳು ನೀಡುತ್ತವೆ. ಭಾರತದಲ್ಲಿ ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಶನ್ ಇಂತಹ ಒಂದು ಸಂಸ್ಥೆ.

ಕಾರ್ನೆಟ್ಟಿನ ಅವಧಿ ಒಂದು ವರ್ಷ. ವಾಹನವೊಂದಕ್ಕೆ ಒಂದೇ ಪುಸ್ತಕ. ಅದರಲ್ಲಿ ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಬಣ್ಣ, ತಯಾರಿಕೆಯ ವರ್ಷ, ಮೌಲ್ಯ ಮುಂತಾದ ವಿವರಗಳಿರುತ್ತವೆ. ಪ್ರತಿಯೊಂದು ಹಾಳೆಯಲ್ಲಿ ಮೂರು ಭಾಗಗಳು. ದೇಶದೊಳಗೆ ಪ್ರವೇಶಿಸುವಾಗ ಅಧಿಕಾರಿಯು ಆಮದು ವೋಚರನ್ನು ಹರಿದುಕೊಳ್ಳುತ್ತಾನೆ. ಹೊರಡುವಾಗ ಅಲ್ಲಿನ ಅಧಿಕಾರಿಯು ರಫ್ತು ವೋಚರನ್ನು ಹರಿದುಕೊಳ್ಳುತ್ತಾನೆ. ಪುಸ್ತಕದಲ್ಲಿ ಉಳಿಯುವ ಕೌಂಟರ್‌ಫಾಯಿಲಿನ ಮೇಲೆ ಎರಡೂ ಮುದ್ರೆಗಳು ಬೀಳಬೇಕು. ನಮ್ಮ ಚೆಕ್ ಪುಸ್ತಕದ ಅಡಿಚೀಟಿಯಂತೆ, ಮಾಲೀಕನ ಕೈಯಲ್ಲಿ ಉಳಿಯುವ ಪ್ರಬಲ ಪುರಾವೆ ಇದೇ. ಪ್ರವೇಶದ ಮುದ್ರೆಯಿದ್ದು ನಿರ್ಗಮನದ ಮುದ್ರೆ ಇಲ್ಲದಿದ್ದರೆ, ಬೈಕು ಬೆಂಗಳೂರಿನ ಮನೆಯಂಗಳದಲ್ಲಿ ನಿಂತಿದ್ದರೂ ಕಾಗದದ ಪ್ರಕಾರ ಅದು ಇನ್ನೂ ಆ ದೇಶದಲ್ಲಿಯೇ ಇದೆ.

ಖಾತರಿಯ ನಿಜವಾದ ವೆಚ್ಚ

ಕಾರ್ನೆಟ್ ನೀಡುವ ಸಂಘವು ವಿದೇಶಿ ಸುಂಕ ಇಲಾಖೆಗಳಿಗೆ ಪರೋಕ್ಷವಾಗಿ ಜಾಮೀನು ನಿಂತಂತಾಗುತ್ತದೆ. ಆದ್ದರಿಂದ ಅದು ಸವಾರನಿಂದ ಬ್ಯಾಂಕ್ ಗ್ಯಾರಂಟಿಯನ್ನು ಅಥವಾ ಅದಕ್ಕೆ ಸಮನಾದ ಭದ್ರತೆಯನ್ನು ಪಡೆಯುತ್ತದೆ. ಕೆಲವು ದೇಶಗಳಲ್ಲಿ ವಾಹನದ ಆಮದು ಸುಂಕವು ವಾಹನದ ಬೆಲೆಯನ್ನೂ ಮೀರುವುದರಿಂದ, ಕೇಳುವ ಭದ್ರತೆಯೂ ಬೈಕಿನ ಮೌಲ್ಯಕ್ಕಿಂತ ಹೆಚ್ಚಾಗಬಹುದು.

ಲೆಕ್ಕಕ್ಕಾಗಿ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಬೈಕಿನ ಮೌಲ್ಯ 3 ಲಕ್ಷ ರೂಪಾಯಿ. ಭದ್ರತೆ ಅದರ ಎರಡರಷ್ಟು, ಅಂದರೆ 6 ಲಕ್ಷ. ಪೂರ್ಣ ಮೊತ್ತದ ನಿಶ್ಚಿತ ಠೇವಣಿಯ ಮೇಲೆ ಬ್ಯಾಂಕು ಗ್ಯಾರಂಟಿ ನೀಡಿದರೆ, ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಗ್ಯಾರಂಟಿಯ ಕಮಿಷನ್ ಮಾತ್ರ ನೇರ ವೆಚ್ಚ. ಆದರೆ ಆ 6 ಲಕ್ಷ ರೂಪಾಯಿ ಗ್ಯಾರಂಟಿ ಬಿಡುಗಡೆಯಾಗುವವರೆಗೂ ಕೈಗೆ ಸಿಗದು. ಹತ್ತು ಮಂದಿಯ ತಂಡದಲ್ಲಿ ಹೀಗೆ ಸಿಕ್ಕಿಬೀಳುವ ಹಣ 60 ಲಕ್ಷ.

ಇಲ್ಲಿ ಸಣ್ಣ ಉದ್ಯಮಿಗಳಿಗೆ ಒಂದು ಎಚ್ಚರಿಕೆಯ ಮಾತು. ಸಂಸ್ಥೆಗೆ ಬ್ಯಾಂಕು ಮಂಜೂರು ಮಾಡಿರುವ ಗ್ಯಾರಂಟಿ ಮಿತಿಯನ್ನು ಈ ಉದ್ದೇಶಕ್ಕೆ ಬಳಸಬಾರದು. ಆ ಮಿತಿ ಇರುವುದು ಟೆಂಡರು, ಕಚ್ಚಾ ಸಾಮಗ್ರಿ, ಗುತ್ತಿಗೆಗಳಿಗಾಗಿ. ವೈಯಕ್ತಿಕ ಪ್ರವಾಸವು ಅದನ್ನು ನುಂಗಿದರೆ ಸಂಸ್ಥೆಯ ವ್ಯವಹಾರ ಕುಂಠಿತವಾಗುತ್ತದೆ. ವಿದೇಶದಿಂದ ಕ್ಲೇಮು ಬಂದು ಗ್ಯಾರಂಟಿಯನ್ನು ನಗದೀಕರಿಸಿದರೆ ಸಂಸ್ಥೆಯ ಸಾಲದ ಖಾತೆಯೇ ಕೆಡುತ್ತದೆ. ಭದ್ರತೆಯನ್ನು ಸವಾರನು ತನ್ನ ಸ್ವಂತ ಠೇವಣಿಯಿಂದಲೇ ಕೊಡತಕ್ಕದ್ದು.

ಎಲ್ಲ ದೇಶಗಳಲ್ಲಿಯೂ ಒಂದೇ ನಿಯಮವಿಲ್ಲ

ಇರಾನ್, ಪಾಕಿಸ್ತಾನ, ಈಜಿಪ್ಟ್, ಜಪಾನ್, ಆಸ್ಟ್ರೇಲಿಯಾಗಳು ಬಹುಕಾಲದಿಂದ ಕಾರ್ನೆಟ್ ಕೇಳುವ ದೇಶಗಳು. ವಿದೇಶಿ ಸವಾರರಿಂದ ಭಾರತವೂ ಕೇಳುತ್ತದೆ. ನೇಪಾಳಕ್ಕೆ ಹೋಗುವ ಭಾರತೀಯ ಬೈಕಿಗೆ ಕಾರ್ನೆಟ್ ಬೇಕಿಲ್ಲ. ಗಡಿಯ ಸುಂಕ ಕಚೇರಿಯಲ್ಲಿ ದಿನಗಳ ಲೆಕ್ಕದಲ್ಲಿ ಶುಲ್ಕ ಕಟ್ಟಿ 'ಭನ್ಸಾರ್' ಚೀಟಿ ಪಡೆಯಬೇಕು. ಅವಧಿ ಮೀರಿದರೆ ದಂಡ. ಭೂತಾನಿಗೆ ವಾಹನದ ಪ್ರತ್ಯೇಕ ಪರವಾನಗಿ ಬೇಕು.

ಐರೋಪ್ಯ ಒಕ್ಕೂಟವು ಒಂದೇ ಸುಂಕ ಪ್ರದೇಶ. ಹೊರಗಿನ ಪ್ರವಾಸಿಯು ಸ್ವಂತ ಬಳಕೆಯ ವಾಹನವನ್ನು ಸಾಮಾನ್ಯವಾಗಿ ಆರು ತಿಂಗಳವರೆಗೆ ಸುಂಕವಿಲ್ಲದೆ ಇಟ್ಟುಕೊಳ್ಳಬಹುದು. ರಷ್ಯಾ, ಬೆಲಾರೂಸ್, ಕಝಾಕ್‌ಸ್ತಾನ, ಅರ್ಮೇನಿಯಾ ಮತ್ತು ಕಿರ್ಗಿಸ್ತಾನಗಳು ಸೇರಿದ ಯೂರೇಷ್ಯನ್ ಆರ್ಥಿಕ ಒಕ್ಕೂಟವೂ 2015ರಿಂದ ಹೀಗೆಯೇ ಒಂದು ಸುಂಕ ಪ್ರದೇಶ. ಕಿರ್ಗಿಸ್ತಾನದ ಗಡಿಯಲ್ಲಿ ಕೊಟ್ಟ ತಾತ್ಕಾಲಿಕ ಆಮದಿನ ಕಾಗದವನ್ನು ಸಾವಿರಾರು ಕಿಲೋಮೀಟರು ಕಳೆದು ರಷ್ಯಾದಿಂದ ಹೊರಬೀಳುವಾಗ ತೋರಿಸಬೇಕಾಗುತ್ತದೆ. ಒಳಗಿನ ಗಡಿಗಳಲ್ಲಿ ಯಾರೂ ಸುಂಕದ ಕಾಗದ ಕೇಳಲಿಲ್ಲವೆಂದು ಅದನ್ನು ಅಸಡ್ಡೆ ಮಾಡಿದವನು ಕೊನೆಯ ಗಡಿಯಲ್ಲಿ ಕಷ್ಟಕ್ಕೆ ಸಿಲುಕುತ್ತಾನೆ.

ಚೀನಾದಲ್ಲಿ ನಮ್ಮ ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ ಮಾನ್ಯತೆ ಇಲ್ಲ. ಅಲ್ಲಿನ ತಾತ್ಕಾಲಿಕ ಪರವಾನಗಿ, ನಂಬರ್ ಫಲಕ ಹಾಗೂ ಮಾರ್ಗದರ್ಶಕ ಬೇಕಾಗುತ್ತದೆ. 2021ರ ಸೈನಿಕ ಕ್ರಾಂತಿಯ ನಂತರ ಮ್ಯಾನ್ಮಾರ್ ಮೂಲಕ ಥಾಯ್ಲೆಂಡಿಗೆ ಹೋಗುವ ಭೂಮಾರ್ಗವನ್ನು ನೆಚ್ಚಿಕೊಳ್ಳುವಂತಿಲ್ಲ. ವಿಮೆಯ ವಿಷಯದಲ್ಲಿ, ನಮ್ಮ ವಾಹನ ವಿಮೆಯನ್ನು ಹೆಚ್ಚುವರಿ ಕಂತು ಕಟ್ಟಿ ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ ಮುಂತಾದ ನೆರೆಯ ದೇಶಗಳಿಗೆ ವಿಸ್ತರಿಸಿಕೊಳ್ಳಬಹುದು. ಅದರಾಚೆ ಆಯಾ ದೇಶದ ವಿಮೆಯನ್ನು ಬೇರೆಯಾಗಿಯೇ ಪಡೆಯಬೇಕು.

ತಂಡದ ಲೆಕ್ಕ

ಹತ್ತು ಬೈಕುಗಳು ಕಾರ್ನೆಟ್ ಬಳಸಿ ಎಂಟು ದೇಶಗಳನ್ನು ದಾಟಿದರೆ 80 ಪ್ರವೇಶ, 80 ನಿರ್ಗಮನ. ಒಟ್ಟು 160 ಮುದ್ರೆಗಳು. ಇವುಗಳಲ್ಲಿ ಒಂದು ತಪ್ಪಿದರೂ ಒಬ್ಬ ಸದಸ್ಯನ ಠೇವಣಿ ಅಪಾಯಕ್ಕೆ ಸಿಲುಕುತ್ತದೆ. ಆದ್ದರಿಂದ ತಂಡದಲ್ಲಿ ಒಬ್ಬರಿಗೆ ಕಾಗದಪತ್ರಗಳ ಹೊಣೆಯನ್ನೇ ವಹಿಸಿ, ಪ್ರತಿ ಗಡಿಯನ್ನು ಬಿಡುವ ಮೊದಲು ಪ್ರತಿಯೊಂದು ಕೌಂಟರ್‌ಫಾಯಿಲನ್ನು ಪರಿಶೀಲಿಸಿ ಛಾಯಾಚಿತ್ರ ತೆಗೆದಿಡುವುದು ಒಳ್ಳೆಯದು.

ಬೈಕು ಕಳುವಾದರೆ ಅಥವಾ ಅಪಘಾತದಲ್ಲಿ ನಾಶವಾದರೆ, ಸುಂಕದ ಹೊಣೆ ತಾನಾಗಿ ತೊಲಗುವುದಿಲ್ಲ. ಪೊಲೀಸ್ ವರದಿ ಪಡೆದು, ಅಲ್ಲಿನ ಸುಂಕ ಇಲಾಖೆಗೂ ಕಾರ್ನೆಟ್ ನೀಡಿದ ಸಂಘಕ್ಕೂ ಒಡನೆಯೇ ತಿಳಿಸಬೇಕು. ಎಂಜಿನ್ ಬದಲಾಯಿಸಬೇಕಾಗಿ ಬಂದರೆ ಸಂಖ್ಯೆ ತಾಳೆಯಾಗದೆ ಮುಂದಿನ ಗಡಿಯಲ್ಲಿ ಪ್ರಶ್ನೆ ಏಳುತ್ತದೆ. ಬದಲಾವಣೆಗೆ ದಾಖಲೆ ಬೇಕು. ನಿರ್ಗಮನದ ಮುದ್ರೆ ತಪ್ಪಿಹೋಗಿದ್ದರೆ, ವಾಹನವು ಸ್ವದೇಶದಲ್ಲಿದೆ ಎಂಬುದನ್ನು ಅಧಿಕೃತವಾಗಿ ದೃಢೀಕರಿಸುವ ಪ್ರಮಾಣಪತ್ರದ ಮೂಲಕ ಪರಿಹಾರ ಕೋರಲು ಅವಕಾಶವಿದೆ. ಭಾರತಕ್ಕೆ ಮರಳುವಾಗಲೂ ಇದೇ ಪುಸ್ತಕವು, ಹೊರಗೆ ಹೋದ ಬೈಕೇ ಮರಳಿ ಬಂದಿದೆಯೆಂಬುದನ್ನು ತೋರಿಸಲು ನೆರವಾಗುತ್ತದೆ.

ಸಂಸ್ಥೆಯ ಖಾತೆಗೆ ಹಾಕಬಹುದೇ?

ನಮ್ಮ ಕಚೇರಿಗೆ ಬರುವ ಕಕ್ಷಿದಾರರು ಕೇಳುವ ಪ್ರಶ್ನೆ ಇದು. ವ್ಯವಹಾರದ ಉದ್ದೇಶಕ್ಕಾಗಿಯೇ ಮತ್ತು ಸಂಪೂರ್ಣವಾಗಿ ಅದಕ್ಕಾಗಿ ಮಾಡಿದ ವೆಚ್ಚಕ್ಕೆ ಮಾತ್ರ ಆದಾಯ ತೆರಿಗೆಯಲ್ಲಿ ಮನ್ನಣೆ. ಹೆಲ್ಮೆಟ್ ಅಥವಾ ಬೈಕಿನ ಬಿಡಿಭಾಗ ತಯಾರಿಸುವವರು ತಮ್ಮ ಉತ್ಪನ್ನದ ಪರೀಕ್ಷೆಗೆ, ಪ್ರಚಾರಕ್ಕೆ ಹೋದರೆ ಪರೀಕ್ಷಾ ವರದಿ, ಒಪ್ಪಂದ, ಪತ್ರವ್ಯವಹಾರಗಳಿಂದ ಅದನ್ನು ಸಮರ್ಥಿಸಬೇಕು. ಅಂಗಿಯ ಮೇಲೆ ಸಂಸ್ಥೆಯ ಹೆಸರು ಮುದ್ರಿಸಿದ ಮಾತ್ರಕ್ಕೆ ಮಾಲೀಕನ ಪ್ರವಾಸವು ವ್ಯವಹಾರವಾಗದು. ಬೈಕು ಸಂಸ್ಥೆಯ ಹೆಸರಿನಲ್ಲಿದ್ದರೆ ಸವಾರನಿಗೆ ಅಧಿಕಾರ ಪತ್ರವೂ ಬೇಕು. ವಿದೇಶ ಪ್ರವಾಸದ ಪ್ಯಾಕೇಜುಗಳ ಮೇಲೆ 2020ರ ಅಕ್ಟೋಬರ್ 1ರಿಂದ ಮೂಲದಲ್ಲಿಯೇ ತೆರಿಗೆ ಸಂಗ್ರಹಿಸುವ ಪದ್ಧತಿ ಜಾರಿಗೆ ಬಂದಿದೆ. ದರಗಳು ಆಗಾಗ ಬದಲಾಗಿವೆ. ಇದು ವೆಚ್ಚವಲ್ಲ, ಮುಂಗಡ ತೆರಿಗೆಯಂತೆ. ವಿವರಪಟ್ಟಿ ಸಲ್ಲಿಸುವಾಗ ಹೊಂದಾಣಿಕೆ ಮಾಡಿಕೊಳ್ಳಬಹುದು.

ವಸ್ತುಪ್ರದರ್ಶನಕ್ಕೆ ಹೋಗುವವರಿಗೆ

ಬೈಕು ಹತ್ತದ ವರ್ತಕರಿಗೂ ಈ ವಿಷಯ ಅನ್ಯವಲ್ಲ. ವಿದೇಶದ ಪ್ರದರ್ಶನಕ್ಕೆ ಯಂತ್ರವನ್ನೋ ಮಾದರಿಯನ್ನೋ ಕೊಂಡೊಯ್ದು ಮರಳಿ ತರುವವರಿಗೆ ಇದೇ ತತ್ತ್ವದ ಮೇಲೆ ನಿಂತ ಎಟಿಎ ಕಾರ್ನೆಟ್ ಇದೆ. 1961ರ ಒಡಂಬಡಿಕೆಯಿಂದ ಹುಟ್ಟಿದ ಇದನ್ನು ವಾಣಿಜ್ಯ ಮಂಡಳಿಗಳ ಜಾಲವು ನಿರ್ವಹಿಸುತ್ತದೆ. ಭಾರತದಲ್ಲಿ ಫಿಕ್ಕಿ ಸಂಸ್ಥೆಯು ನೀಡುತ್ತದೆ. ಅವಧಿ ಇದಕ್ಕೂ ಗರಿಷ್ಠ ಒಂದು ವರ್ಷ. ಹಂಚಿ ಮುಗಿಯುವ ಕರಪತ್ರ, ತಿಂದು ಮುಗಿಯುವ ಮಾದರಿಗಳಿಗೆ ಇದು ಅನ್ವಯಿಸದು. ಪ್ರದರ್ಶನದಲ್ಲಿಯೇ ಗಿರಾಕಿ ಸಿಕ್ಕನೆಂದು ಯಂತ್ರವನ್ನು ಮಾರಿಬಿಟ್ಟರೆ ಸುಂಕ ತೆರಬೇಕಾಗುತ್ತದೆ.

ಇನ್ನೊಂದು ಮುಖ್ಯ ಸಂಗತಿ: ಕಾರ್ನೆಟ್ಟಿನ ಅವಧಿ ಮುಗಿದ ದಿನದಿಂದ ಒಂದು ವರ್ಷದೊಳಗೆ ವಿದೇಶಿ ಸುಂಕ ಇಲಾಖೆಯು ಖಾತರಿ ಸಂಸ್ಥೆಯ ಮೇಲೆ ಕ್ಲೇಮು ಹೂಡಬಹುದು, ಮರುರಫ್ತಿನ ಪುರಾವೆ ಒದಗಿಸಲು ಆರು ತಿಂಗಳ ಕಾಲಾವಕಾಶವಿದೆ. ಆದ್ದರಿಂದ ಸರಕು ಗೋದಾಮಿಗೆ ಬಂತೆಂದು ದಾಖಲೆಗಳನ್ನು ಮೂಲೆಗೆ ಎಸೆಯಬಾರದು.

ಬೈಕೇ ಇರಲಿ, ಯಂತ್ರವೇ ಇರಲಿ, ಹೊರಡುವ ಮುನ್ನ ಸದಸ್ಯರು ಮೂರು ಅಂಶಗಳನ್ನು ಬರೆದಿಟ್ಟುಕೊಳ್ಳಲಿ: ಪ್ರತಿ ದೇಶದಲ್ಲಿ ಇರಬಹುದಾದ ಕೊನೆಯ ದಿನಾಂಕ, ಹೊರಬೀಳುವ ಗಡಿಯಲ್ಲಿ ಪಡೆಯಬೇಕಾದ ಮುದ್ರೆ, ಭದ್ರತೆ ಬಿಡುಗಡೆಯಾಗುವ ದಿನ. ಮರಳಿ ಬಂದ ವಾರದಲ್ಲಿಯೇ ಪೂರ್ಣಗೊಂಡ ಕಾರ್ನೆಟ್ಟನ್ನು ನೀಡಿದ ಸಂಸ್ಥೆಗೆ ಒಪ್ಪಿಸಿ ಸ್ವೀಕೃತಿ ಪಡೆಯಲಿ. ಗ್ಯಾರಂಟಿಯ ಮೂಲ ಪತ್ರ ಬ್ಯಾಂಕಿಗೆ ಹಿಂತಿರುಗಿ, ಠೇವಣಿಯ ಮೇಲಿನ ಹಕ್ಕುಗುರುತು ರದ್ದಾದ ದಿನವೇ ಪ್ರವಾಸದ ಲೆಕ್ಕ ಚುಕ್ತಾ ಆದ ದಿನ.